ಡಯಾಲಿಸಿಸ್ ಸೂಜಿ ನಾನೇ ಹಾಕಿಕೊಳ್ಳಬಹುದಾ?

ಪ್ರಶ್ನೆ: ನನಗೆ 44 ವರ್ಷ. ಬಿ.ಪಿ.ಯಿಂದ ಕಿಡ್ನಿ ಹೋಯಿತು, ಶುಗರ್ ಇಲ್ಲ. ಎರಡೂವರೆ ವರ್ಷದಿಂದ ತಾಲ್ಲೂಕು ಕೇಂದ್ರದಲ್ಲಿ ವಾರಕ್ಕೆ ಮೂರು ಸಲ ಡಯಾಲಿಸಿಸ್ ಆಗುತ್ತಿದೆ. ಎಡಗೈ ಮಣಿಕಟ್ಟಿನ ಹತ್ತಿರ, ಸೂಜಿ ಹಾಕಲು ಅನುಕೂಲವಾಗಲಿ ಅಂತ ರಕ್ತನಾಳಗಳನ್ನು ಜೋಡಿಸಿ ಫಿಸ್ಟುಲಾ ಮಾಡಿದ್ದಾರೆ. ಮೊದಲಿದ್ದ ಟೆಕ್ನಿಷಿಯನ್ ಒಂದೇ ಸಲಕ್ಕೆ ಸೂಜಿ ಹಾಕುತ್ತಿದ್ದರು. ಅವರು ಬಿಟ್ಟು ಹೋದ ಮೇಲೆ ಹೊಸಬರು ಬರುತ್ತಾರೆ, ಹೋಗುತ್ತಾರೆ. ಹೋದ ತಿಂಗಳು ಒಬ್ಬ ಹುಡುಗ ಎರಡು ಮೂರು ಸಲ ಚುಚ್ಚಿದ. ಮೆಷಿನ್ ಶುರುವಾದ ಸ್ವಲ್ಪ ಹೊತ್ತಿಗೆ ಕೈ ಮೊಣಕೈವರೆಗೂ ಊದಿತು, ಆಮೇಲೆ ಕಪ್ಪು ನೀಲಿ ಬಣ್ಣಕ್ಕೆ ತಿರುಗಿತು. ಮೆಲ್ಬೋರ್ನ್‌ನಲ್ಲಿರುವ ನನ್ನ ಭಾವಮೈದ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳುತ್ತಾನೆ, ಸೂಜಿಯನ್ನೂ ಅವನೇ ಹಾಕಿಕೊಳ್ಳುತ್ತಾನೆ. ಒಂದೇ ತೂತಿಗೆ ಪ್ರತಿ ಸಲ ಹಾಕುತ್ತೇನೆ, ನೋವೇ ಇಲ್ಲ ಅನ್ನುತ್ತಾನೆ. ನಾನೂ ಕಲಿಯಬಹುದಾ? ಆರ್ಟರಿಗೆ ನಾನೇ ಚುಚ್ಚಿಕೊಂಡು ಹೆಚ್ಚುಕಮ್ಮಿ ಆದರೆ ಫಿಸ್ಟುಲಾ ಹೋಗಿಬಿಡುತ್ತದಾ? 'ಅವನ ಕಥೆ ಬೇರೆ, ಅಲ್ಲಿನ ವ್ಯವಸ್ಥೆ ಬೇರೆ, ನೀವು ಸುಮ್ನಿರಿ' ಅನ್ನುತ್ತಾಳೆ ಹೆಂಡತಿ. ನಿಜ ಹೇಳಬೇಕೆಂದರೆ ಸೂಜಿ ಹಾಕುವಾಗ ಈಗಲೂ ನಾನು ಗೋಡೆ ಕಡೆ ಮುಖ ತಿರುಗಿಸುತ್ತೇನೆ.

ಉತ್ತರ: ಕಲಿಯಬಹುದು. ಎಡಗೈಯಲ್ಲಿ ಹಳೇ ಫಿಸ್ಟುಲಾ, ಕೆಲಸ ಮಾಡುವ ಬಲಗೈ ಖಾಲಿ, ಶುಗರ್ ಇಲ್ಲ. ನೀವು ಬರೆದಿರುವುದನ್ನು ನೋಡಿದರೆ ಬೇಡ ಅನ್ನಲು ನನಗೆ ದೊಡ್ಡ ಕಾರಣ ಕಾಣುತ್ತಿಲ್ಲ. ಆದರೆ ಈ ವಾರವೇ ಅಲ್ಲ, ಒಬ್ಬರೇ ಅಂತೂ ಖಂಡಿತ ಅಲ್ಲ. ಅಂಗಡಿಯಿಂದ ಸೂಜಿ ತಂದು ಮನೆಯಲ್ಲಿ ಒಂದು ಕೈ ನೋಡೋಣ ಅಂತ ಹೊರಡಬೇಡಿ. ಹಾಗೆ ಕೇಳಿದವರು ಇದ್ದಾರೆ, ಅದಕ್ಕೇ ಮೊದಲೇ ಹೇಳಿಬಿಟ್ಟೆ.

ನಿಮ್ಮ ಪತ್ರ ಓದಿದರೆ ಸೂಜಿಗಿಂತ ಜಾಸ್ತಿ ನಿಮ್ಮನ್ನು ಕಾಡುತ್ತಿರುವುದು 'ಇವತ್ತು ಯಾರು ಬರುತ್ತಾರೋ' ಅನ್ನೋದು. ಡಯಾಲಿಸಿಸ್ ಯೂನಿಟ್‌ನಲ್ಲಿ ಸೂಜಿ ಹಾಕುತ್ತಾ, ಹಾಕೋದನ್ನು ಕಲಿಸುತ್ತಾ ಬಂದ ನನಗೆ ಈ ಭಯ ಚೆನ್ನಾಗಿ ಗೊತ್ತು. ಬೆಳಿಗ್ಗೆ ಬಾಗಿಲಲ್ಲೇ ನಿಂತು 'ಇವತ್ತು ಡ್ಯೂಟಿ ಯಾರದು' ಅಂತ ಇಣುಕಿ ನೋಡಿ, ಆಮೇಲೆ ಬೆಡ್‌ಗೆ ಬರುವವರು ಎಲ್ಲ ಯೂನಿಟ್‌ನಲ್ಲೂ ಇರುತ್ತಾರೆ. ಈ ಭಯಕ್ಕೆ ಅರ್ಥ ಇದೆ. ಒಂದೇ ಕೈಗೆ ಬೇರೆ ಬೇರೆಯವರು ಚುಚ್ಚಿದಾಗ ಆ ಕೈಯ ಪರಿಚಯ ಯಾರಿಗೂ ಆಗೋದಿಲ್ಲ. ನಾಳ ಎಲ್ಲಿ ಬಾಗಿದೆ, ಎಲ್ಲಿ ಆಳಕ್ಕೆ ಇಳಿದಿದೆ, ಎಲ್ಲಿ ಗೋಡೆ ಸಡಿಲವಾಗಿದೆ ಅಂತ ಗೊತ್ತಾಗಬೇಕಾದರೆ ಅದೇ ಕೈಯನ್ನು ಮತ್ತೆ ಮತ್ತೆ ಮುಟ್ಟಿರಬೇಕು. ಎಷ್ಟೇ ಶಿಫ್ಟ್ ಬದಲಾದರೂ ನಿಮ್ಮ ಬೆಡ್‌ನಲ್ಲಿ ಪ್ರತಿ ಸಲ ಇರುವವರು ನೀವೊಬ್ಬರೇ. ಸ್ವಂತ ಸೂಜಿಯ ಲಾಭ ನನ್ನ ಪ್ರಕಾರ ಇಷ್ಟೇ, ಆದರೆ ಇದು ಸಣ್ಣ ಲಾಭ ಅಲ್ಲ.

ಇದು ಹುಚ್ಚುತನವೂ ಅಲ್ಲ, ಹೊಸದೂ ಅಲ್ಲ. ಸ್ವೀಡನ್‌ನ ಯೋನ್‌ಶೋಪಿಂಗ್ ಊರಿನ ರೀಹೋವ್ ಆಸ್ಪತ್ರೆಯಲ್ಲಿ 2005ರಲ್ಲಿ ಒಬ್ಬ ರೋಗಿ ತನ್ನ ಡಯಾಲಿಸಿಸ್ ತಾನೇ ಮಾಡಿಕೊಳ್ಳುತ್ತೇನೆ ಅಂತ ಕೇಳಿದರು. ಅಲ್ಲಿನ ನರ್ಸ್ ಒಪ್ಪಿ ಕಲಿಸಿದರು. ಅವರನ್ನು ನೋಡಿ ಇನ್ನೊಬ್ಬರು, ಮತ್ತೊಬ್ಬರು ಕಲಿತರು. ಕೊನೆಗೆ ರೋಗಿಗಳೇ ಮೆಷಿನ್ ನಡೆಸುವ ಯೂನಿಟ್ಟೇ ಅಲ್ಲಿ ತಯಾರಾಯಿತು. ಇಂಗ್ಲೆಂಡಿನ ಕೆಲವು ಕಡೆ ಒಂದು ದಿನದ ಡಯಾಲಿಸಿಸನ್ನು ತೂಕ ನೋಡೋದು, ಬಿ.ಪಿ. ನೋಡೋದು, ಸೂಜಿ ಹಾಕೋದು, ತೆಗೆಯೋದು ಅಂತ 14 ಸಣ್ಣ ಕೆಲಸಗಳಾಗಿ ಒಡೆದು, ಬೇಕಾದವರಿಗೆ ಬೇಕಾದಷ್ಟು ಕಲಿಸುತ್ತಾರೆ. ಒಬ್ಬರು ಎರಡೇ ಕಲಿತು ನಿಲ್ಲಿಸಬಹುದು, ಇನ್ನೊಬ್ಬರು ಎಲ್ಲವನ್ನೂ ಕಲಿಯಬಹುದು. ಈ ಪದ್ಧತಿ ನನಗೆ ತುಂಬಾ ಇಷ್ಟ. ಯಾಕೆ ಅಂತ ಕೊನೆ ಕೊನೆಗೆ ಹೇಳುತ್ತೇನೆ.

ನಿಮ್ಮ ಹೆಂಡತಿ ಹೇಳಿದ್ದರಲ್ಲೂ ಹುರುಳಿದೆ. ಮೆಲ್ಬೋರ್ನ್‌ನಲ್ಲಿ ಭಾವಮೈದನಿಗೆ ಸೂಜಿ ಹಾಕೋದನ್ನು ಮಾತ್ರ ಕಲಿಸಿರೋದಿಲ್ಲ. ಮೆಷಿನ್ ಮನೆಗೆ ಬರುತ್ತದೆ, ನೀರು ಶುದ್ಧ ಮಾಡುವ ಘಟಕ ಬರುತ್ತದೆ, ವಾರಗಟ್ಟಲೆ ತರಬೇತಿ ಇರುತ್ತದೆ, ತೊಂದರೆಯಾದರೆ ಫೋನ್ ಎತ್ತುವ ನರ್ಸ್ ಇರುತ್ತಾರೆ. ನಿಮಿಷಕ್ಕೆ 500 ಮಿ.ಲೀ. ಲೆಕ್ಕದಲ್ಲಿ ನಾಲ್ಕು ಗಂಟೆ ಡಯಾಲಿಸಿಸ್ ಅಂದರೆ 120 ಲೀಟರ್ ಶುದ್ಧ ದ್ರವ ಬೇಕು. ಹಾಗಾಗಿ ಸೂಜಿ ಕಲಿತ ಕೂಡಲೇ ಮನೆಯಲ್ಲೇ ಡಯಾಲಿಸಿಸ್ ಮಾಡಿಕೊಳ್ಳಬಹುದು ಅಂತ ಅಂದುಕೊಳ್ಳಬೇಡಿ. ನಿಮ್ಮ ಮಟ್ಟಿಗೆ ಇದರ ಅರ್ಥ, ನಿಮ್ಮ ಸೆಂಟರ್‌ನಲ್ಲೇ, ಸಿಬ್ಬಂದಿ ಪಕ್ಕದಲ್ಲಿರುವಾಗಲೇ, ಸೂಜಿಯನ್ನು ಮಾತ್ರ ನೀವು ಹಾಕಿಕೊಳ್ಳುವುದು.

ಈಗ ಆರ್ಟರಿ, ಅಂದರೆ ಹೃದಯದಿಂದ ರಕ್ತ ತರುವ ನಾಳದ ವಿಷಯ. ಆರ್ಟರಿಗೆ ಯಾರೂ ಚುಚ್ಚುವುದಿಲ್ಲ, ನೀವೂ ಚುಚ್ಚಬೇಕಾಗಿಲ್ಲ. ಫಿಸ್ಟುಲಾ ಆಪರೇಷನ್‌ನಲ್ಲಿ ಕೈಯ ಆರ್ಟರಿಗೆ ಪಕ್ಕದ ವೇನನ್ನು, ಅಂದರೆ ರಕ್ತವನ್ನು ಹೃದಯಕ್ಕೆ ವಾಪಸ್ ಒಯ್ಯುವ ನಾಳವನ್ನು, ಹೊಲಿಯುತ್ತಾರೆ. ಆರ್ಟರಿಯ ರಭಸದ ರಕ್ತ ನುಗ್ಗಿ ನುಗ್ಗಿ ಆ ವೇನ್ ಕೆಲವು ವಾರಗಳಲ್ಲಿ ಅಗಲವಾಗುತ್ತದೆ, ಗೋಡೆ ದಪ್ಪವಾಗುತ್ತದೆ. ನ್ಯೂಯಾರ್ಕ್‌ನ ಬ್ರೆಶಿಯಾ, ಸಿಮಿನೊ ಮತ್ತು ಸಂಗಡಿಗರು 1966ರಲ್ಲಿ ಪ್ರಕಟಿಸಿದ ಉಪಾಯ ಇದು, ಇವತ್ತಿಗೂ ಇದಕ್ಕಿಂತ ಒಳ್ಳೆಯದು ಬಂದಿಲ್ಲ. ಎರಡೂ ಸೂಜಿ ಹೋಗೋದು ಆ ಅಗಲವಾದ ವೇನ್‌ಗೇ. ಒಂದರಿಂದ ರಕ್ತ ಮೆಷಿನ್‌ಗೆ ಹೋಗುತ್ತದೆ, ಇನ್ನೊಂದರಿಂದ ವಾಪಸ್ ಬರುತ್ತದೆ. ಮೊದಲನೆಯದನ್ನು ನಾವು ಯೂನಿಟ್‌ನಲ್ಲಿ 'ಆರ್ಟರಿ ಸೂಜಿ' ಅನ್ನುತ್ತೇವೆ. ಅದನ್ನು ಕೇಳಿ ಕೇಳಿ ರೋಗಿಗಳು ಸುಮ್ನೆ ಹೆದರುತ್ತಾರೆ.

ಹಾಗಾದರೆ ನಿಮ್ಮ ಕೈ ಊದಿದ್ದು ಯಾಕೆ? ಚೆನ್ನಾಗಿ ಬೆಳೆದ ಫಿಸ್ಟುಲಾ ಸುಮಾರು 6 ಮಿ.ಮೀ. ಅಗಲ ಇರುತ್ತದೆ. ಸೂಜಿಯ ದಪ್ಪ ಒಂದೂವರೆ ಮಿ.ಮೀ. ಚಿಲ್ಲರೆ. ಸೂಜಿ ಮೇಲಿನ ಗೋಡೆ ದಾಟಿದ ತಕ್ಷಣ ಅದನ್ನು ಬಗ್ಗಿಸಿ ನಾಳದ ಉದ್ದಕ್ಕೆ ಮಲಗಿಸಬೇಕು. ಅದೇ ಓರೆಯಲ್ಲಿ ಮುಂದೆ ತಳ್ಳಿದರೆ ಕೆಳಗಿನ ಗೋಡೆಯನ್ನೂ ತೂತು ಮಾಡುತ್ತದೆ. ತುದಿ ಅರ್ಧ ಒಳಗೆ ಅರ್ಧ ಹೊರಗೆ ಇದ್ದರೂ ಸಿರಿಂಜ್‌ಗೆ ರಕ್ತ ಬರಬಹುದು, ಎಲ್ಲ ಸರಿಯಿದೆ ಅನ್ನಿಸಬಹುದು. ಪಂಪ್ ನಿಮಿಷಕ್ಕೆ 250-300 ಮಿ.ಲೀ. ವೇಗದಲ್ಲಿ ರಕ್ತ ವಾಪಸ್ ಕಳಿಸಲು ಶುರು ಮಾಡಿದ ಮೇಲೆ ಅದು ನಾಳಕ್ಕೆ ಹೋಗುವ ಬದಲು ಮಾಂಸದೊಳಗೆ ಇಳಿಯುತ್ತದೆ. ಊತ, ನೋವು, ಆಮೇಲೆ ಆ ಕಪ್ಪು ನೀಲಿ ಬಣ್ಣ. ಇದು ಹೊಸಬರ ಕೈಯಲ್ಲಿ ಜಾಸ್ತಿ, ಆದರೆ ಹಳಬರ ಕೈಯಲ್ಲೂ ಆಗುತ್ತದೆ. ನಾಳದೊಳಗೆ ಎಲ್ಲೋ ಸಂದು ಕಿರಿದಾಗಿದ್ದರೂ ಸೂಜಿ ಸರಿಯಾಗಿ ಕೂರುವುದಿಲ್ಲ. ಅದಕ್ಕೇ ಆ ಹುಡುಗನನ್ನು ಬೈಯುವ ಮೊದಲು ಒಂದು ಕೆಲಸ ಮಾಡಿ. ನೆಫ್ರಾಲಜಿಸ್ಟ್, ಅಂದರೆ ಕಿಡ್ನಿ ಡಾಕ್ಟರ್ ಹತ್ತಿರ ಹೇಳಿ, ನಾಳದೊಳಗೆ ರಕ್ತ ಹೇಗೆ ಹರಿಯುತ್ತಿದೆ ಅಂತ ತೋರಿಸುವ ಡಾಪ್ಲರ್ ಸ್ಕ್ಯಾನ್ ಅನ್ನು ಫಿಸ್ಟುಲಾಕ್ಕೆ ಮಾಡಿಸಿ. ಆ ವರದಿ ಬರುವವರೆಗೆ, ಊತ ಪೂರ್ತಿ ಇಳಿಯುವವರೆಗೆ, ಸ್ವಂತ ಸೂಜಿಯ ಮಾತು ಬೇಡ.

ಫಿಸ್ಟುಲಾ ಹೋಗಿಬಿಡುತ್ತದಾ ಅಂತ ಕೇಳಿದ್ದೀರಿ. ಒಂದು ಸಲ ಸೂಜಿ ತಪ್ಪಿದರೆ ಸಾಮಾನ್ಯವಾಗಿ ಹೋಗುವುದಿಲ್ಲ. ಸೂಜಿ ತೆಗೆದು, ಸರಿಯಾಗಿ ಒತ್ತಿ ಹಿಡಿದು, ಐಸ್ ಇಟ್ಟು, ಆ ಜಾಗಕ್ಕೆ ಬಿಡುವು ಕೊಟ್ಟರೆ ವಾಸಿಯಾಗುತ್ತದೆ. ಪದೇ ಪದೇ ಊದಿದರೆ, ಊತ ದೊಡ್ಡದಾಗಿ ನಾಳವನ್ನೇ ಅದುಮಿದರೆ, ಒಳಗೆ ಹೆಪ್ಪುಗಟ್ಟಿ ಫಿಸ್ಟುಲಾ ನಿಂತುಹೋಗುವ ಸಾಧ್ಯತೆ ಇದೆ. ಸೂಜಿ ಯಾರೇ ಹಾಕಿದ್ದರೂ ಈ ಅಪಾಯ ಇದ್ದೇ ಇರುತ್ತದೆ.

ಭಾವಮೈದನ 'ಒಂದೇ ತೂತು' ವಿಷಯ ಸ್ವಲ್ಪ ಬಿಡಿಸಿ ಹೇಳಬೇಕು. ನಮ್ಮ ಕಡೆ ಇದರಷ್ಟು ಗೊಂದಲ ಬೇರೆ ಯಾವುದರಲ್ಲೂ ನಾನು ನೋಡಿಲ್ಲ. ಸೂಜಿ ಹಾಕಲು ಮೂರು ರೀತಿ ಇದೆ. ಮೊದಲನೆಯದು ಏಣಿ ಹತ್ತಿದ ಹಾಗೆ, ಪ್ರತಿ ಸಲ ಅರ್ಧ ಸೆಂಟಿಮೀಟರೋ ಒಂದೋ ಮೇಲೆ ಸರಿದು, ನಾಳದ ಉದ್ದಕ್ಕೂ ಜಾಗ ಬದಲಿಸುತ್ತಾ ಹೋಗೋದು. ಎರಡನೆಯದು ಬಟನ್‌ಹೋಲ್. ಅದೇ ತೂತು, ಅದೇ ಓರೆ, ಅದೇ ಆಳ, ಶುರುವಿನಲ್ಲಿ ಅದೇ ವ್ಯಕ್ತಿಯ ಕೈ. ಹತ್ತು ಸಲದ ಆಸುಪಾಸಿನಲ್ಲಿ ಚರ್ಮದಿಂದ ನಾಳದವರೆಗೆ ಕಿವಿ ಚುಚ್ಚಿಸಿದ ತೂತಿನಂತೆ ಒಂದು ದಾರಿ ನಿಲ್ಲುತ್ತದೆ, ಆಮೇಲೆ ಮೊಂಡು ಸೂಜಿ ಸಾಕು. 1970ರ ದಶಕದಲ್ಲಿ ಪೋಲೆಂಡ್‌ನ ವೈದ್ಯ ತ್ವಾರ್ಡೋವ್‌ಸ್ಕಿ ಇದನ್ನು ಬಳಕೆಗೆ ತಂದರು. ಮೂರನೆಯದು ಯಾರೂ ಕಲಿಸದೇ ಇದ್ದರೂ ಎಲ್ಲ ಕಡೆ ನಡೆಯುವಂಥದ್ದು. ಸುಲಭವಾಗಿ ಸಿಗುತ್ತದೆ ಅಂತ ಎರಡು ಮೂರು ಸೆಂಟಿಮೀಟರ್ ಜಾಗದಲ್ಲೇ ಸುತ್ತಮುತ್ತ ಚುಚ್ಚುತ್ತಾ ಇರೋದು. ರೋಗಿಗಳೇ 'ಅಲ್ಲೇ ಹಾಕಿ ಸಿಸ್ಟರ್, ಅಲ್ಲಿ ನೋವಾಗಲ್ಲ' ಅನ್ನುತ್ತಾರೆ. ಕೆಲವರ ಕೈ ಮೇಲೆ ಲಿಂಬೆಹಣ್ಣಿನ ಗಾತ್ರದ ಉಬ್ಬು ನೋಡಿದ್ದೀರಲ್ಲ, ಅದರ ಹಿಂದೆ ಬಹಳ ಸಲ ಇದೇ ಕಾರಣ ಇರುತ್ತದೆ. ಅಲ್ಲಿ ಗೋಡೆ ತೆಳುವಾಗಿರುತ್ತದೆ, ಚರ್ಮ ಹೊಳೆಯುತ್ತಿರುತ್ತದೆ. ಮುಂದೆ ಅದು ಒಡೆದು ರಕ್ತ ಸೋರಿದರೆ ಜೀವಕ್ಕೇ ಅಪಾಯ.

ನಿಮ್ಮ ಭಾವಮೈದ ಮಾಡುತ್ತಿರುವುದು ಎರಡನೆಯ ರೀತಿ ಇರಬೇಕು. ಸ್ವಂತ ಸೂಜಿ ಹಾಕಿಕೊಳ್ಳುವವರಲ್ಲಿ ಅದು ಬಳಕೆಯಲ್ಲಿದೆ, ಯಾಕೆಂದರೆ ಕೈ ಒಂದೇ. ಆದರೆ ಅದಕ್ಕೊಂದು ಬೆಲೆ ಇದೆ. ಆ ತೂತಿನ ಬಾಯಿಗೆ ಪ್ರತಿ ಸಲ ಹಕ್ಕಳೆ ಕಟ್ಟುತ್ತದೆ, ಹಕ್ಕಳೆಯಲ್ಲಿ ರೋಗಾಣು ಕೂತಿರುತ್ತವೆ. ಅದನ್ನು ನೆನೆಸಿ, ಪೂರ್ತಿ ಬಿಡಿಸಿ, ಮತ್ತೆ ಶುದ್ಧ ಮಾಡದೆ ಸೂಜಿ ತಳ್ಳಿದರೆ ರೋಗಾಣು ನೇರ ರಕ್ತಕ್ಕೆ ಸೇರುತ್ತವೆ. ಸ್ಟ್ಯಾಫ್ ಅನ್ನುವ ರೋಗಾಣು ಅಲ್ಲಿಂದ ಹೃದಯದ ಕವಾಟಕ್ಕೋ ಬೆನ್ನುಮೂಳೆಗೋ ಹೋಗಿ ಕೂರಬಹುದು. ಈ ಕಾರಣಕ್ಕೇ ಅಮೆರಿಕದ 2019ರ ಮಾರ್ಗಸೂಚಿ ಜಾಗ ಬದಲಿಸುವ ರೀತಿಯನ್ನೇ ಮುಂದಿಟ್ಟು, ಬಟನ್‌ಹೋಲನ್ನು ವಿಶೇಷ ಸಂದರ್ಭಕ್ಕೆ ಮಾತ್ರ ಅಂದಿದೆ. ನನ್ನ ಅಭಿಪ್ರಾಯವೂ ಅದೇ. ನಿಮ್ಮ ನಾಳ ಉದ್ದಕ್ಕೆ ಸಿಗುವುದಾದರೆ ಏಣಿಯಂತೆ ಜಾಗ ಬದಲಿಸುವುದನ್ನೇ ಕಲಿಯಿರಿ. ನಾಳ ತೀರಾ ಗಿಡ್ಡ ಇದ್ದು, ನಿಮಗೆ ಸ್ವಚ್ಛತೆಯ ಶಿಸ್ತಿದ್ದು, ಮೊಂಡು ಸೂಜಿ ತಪ್ಪದೆ ಸಿಗುವಂತಿದ್ದರೆ ಮಾತ್ರ ಬಟನ್‌ಹೋಲ್ ಯೋಚಿಸಿ. ಕೃತಕ ಕೊಳವೆ, ಅಂದರೆ ಗ್ರಾಫ್ಟ್ ಹಾಕಿಸಿಕೊಂಡವರಿಗೆ ಬಟನ್‌ಹೋಲ್ ಬೇಡವೇ ಬೇಡ.

ನೋವೇ ಇಲ್ಲ ಅನ್ನೋದು ಸ್ವಲ್ಪ ಉತ್ಪ್ರೇಕ್ಷೆ. ನೋವಿದೆ. ಆದರೆ ತಾವೇ ಹಾಕಿಕೊಂಡಾಗ ಕಡಿಮೆ ಅನ್ನಿಸುತ್ತದೆ ಅಂತ ಕಲಿತವರಲ್ಲಿ ಬಹಳ ಜನ ಹೇಳುತ್ತಾರೆ. ಯಾವ ಕ್ಷಣಕ್ಕೆ ಚುಚ್ಚುತ್ತದೆ ಅಂತ ಗೊತ್ತಿರುತ್ತದೆ, ಕೈಗೆ ತಡೆ ಸಿಕ್ಕಿದರೆ ಅಲ್ಲೇ ನಿಲ್ಲಿಸಬಹುದು. ಬೇಕಿದ್ದರೆ ಮರಗಟ್ಟಿಸುವ ಕ್ರೀಮ್ ಇದೆ, ಡಾಕ್ಟರ್ ಬರೆದುಕೊಟ್ಟರೆ ಒಂದು ಗಂಟೆ ಮುಂಚೆ ಹಚ್ಚಿ, ಮುಚ್ಚಿಟ್ಟು, ಆಮೇಲೆ ಚೆನ್ನಾಗಿ ತೊಳೆಯಬೇಕು.

ಕಲಿಯೋದು ಹೇಗೆ ಅಂದರೆ, ಸೂಜಿಯಿಂದ ಶುರು ಮಾಡಬೇಡಿ. ಮೊದಲ ಪಾಠ ಗೋಡೆ ಕಡೆ ತಿರುಗಿದ ಮುಖವನ್ನು ಈ ಕಡೆ ತಿರುಗಿಸೋದು. ಕೆಲವು ಸಲ ಸುಮ್ನೆ ನೋಡಿ, ಅಷ್ಟೇ. ತಲೆ ಸುತ್ತಿದರೆ ಹೇಳಿ, ಅದರಲ್ಲಿ ನಾಚಿಕೆ ಏನಿಲ್ಲ. ಮನೆಯಲ್ಲಿ ದಿನಾ ಬೆಳಿಗ್ಗೆ ಬಲಗೈಯ ಮೂರು ಬೆರಳು ಫಿಸ್ಟುಲಾ ಮೇಲಿಟ್ಟು ಮಣಿಕಟ್ಟಿನಿಂದ ಮೇಲಕ್ಕೆ ನಿಧಾನ ಸರಿಸಿ. ಝುಮ್ ಅನ್ನೋದು ಎಲ್ಲಿ ಜೋರಾಗಿದೆ, ಎಲ್ಲಿ ಮಂದ, ನಾಳ ಎಲ್ಲಿ ಪಕ್ಕಕ್ಕೆ ಜಾರುತ್ತದೆ? ಕೈಯನ್ನು ತಲೆಗಿಂತ ಮೇಲೆ ಎತ್ತಿದಾಗ ಉಬ್ಬಿದ ನಾಳ ಕುಗ್ಗಬೇಕು. ಕುಗ್ಗದೆ ಬಿಗಿಯಾಗೇ ಇದ್ದರೆ ಮೇಲೆಲ್ಲೋ ದಾರಿ ಕಿರಿದಾಗಿರಬಹುದು, ಡಾಕ್ಟರಿಗೆ ತಿಳಿಸಿ. ಝುಮ್ ಅನ್ನೋದೇ ನಿಂತುಹೋದರೆ ಮುಂದಿನ ಡಯಾಲಿಸಿಸ್‌ವರೆಗೆ ಕಾಯಬೇಡಿ, ಅವತ್ತೇ ಹೋಗಿ. ಈ ಮುಟ್ಟಿ ನೋಡುವ ಅಭ್ಯಾಸ ಬಂದರೆ, ನನ್ನ ಅನುಭವದಲ್ಲಿ, ಅರ್ಧಕ್ಕಿಂತ ಜಾಸ್ತಿ ವಿದ್ಯೆ ಬಂದ ಹಾಗೆ.

ಆಮೇಲೆ ಕೈ ತೊಳೆಯೋದು, ಜಾಗ ಆರಿಸೋದು, ಪ್ಲಾಸ್ಟರ್ ಕತ್ತರಿಸಿ ಸಾಲಾಗಿ ಅಂಟಿಸಿಟ್ಟುಕೊಳ್ಳೋದು. ಆಮೇಲೆ ಸೂಜಿ ತೆಗೆದ ಮೇಲೆ ನೀವೇ ಒತ್ತಿ ಹಿಡಿಯೋದು. ಇದರಲ್ಲೂ ಒಂದು ಸೂಕ್ಷ್ಮ ಇದೆ. ಸೂಜಿ ಓರೆಯಾಗಿ ಹೋಗಿರುವುದರಿಂದ ಚರ್ಮದ ತೂತು ಒಂದು ಕಡೆ, ನಾಳದ ತೂತು ಸ್ವಲ್ಪ ಮುಂದೆ. ಹಾಗಾಗಿ ಎರಡು ಬೆರಳಲ್ಲಿ ಎರಡನ್ನೂ ಒತ್ತಬೇಕು. ಸೂಜಿ ಪೂರ್ತಿ ಹೊರಗೆ ಬರುವ ಮುಂಚೆ ಒತ್ತಿದರೆ ಅದರ ಅಂಚು ನಾಳವನ್ನು ಕೊಯ್ಯುತ್ತದೆ. ಹತ್ತು ನಿಮಿಷಕ್ಕೆ ಮೊದಲು ಎತ್ತಿ ಇಣುಕಿ ನೋಡಬೇಡಿ. ಝುಮ್ ಅನ್ನೋದೇ ನಿಲ್ಲುವಷ್ಟು ಜೋರಾಗಿಯೂ ಒತ್ತಬೇಡಿ.

ಇಷ್ಟೆಲ್ಲ ಬಂದ ಮೇಲೆ ಒಂದು ಸೂಜಿ. ಒಂದೇ. ಎರಡನೆಯದನ್ನು ಸಿಸ್ಟರ್ ಹಾಕಲಿ. ಸೂಜಿಯ ಕತ್ತರಿಸಿದ ಬಾಯಿ ಮೇಲ್ಮುಖವಾಗಿ, ಚರ್ಮಕ್ಕೆ ಸುಮಾರು 25 ಡಿಗ್ರಿ ಓರೆ, ನಾಳ ಆಳದಲ್ಲಿದ್ದರೆ ಸ್ವಲ್ಪ ಜಾಸ್ತಿ. ಚರ್ಮ ದಾಟುವಾಗ ಒಂದು ತಡೆ, ನಾಳದ ಗೋಡೆ ದಾಟುವಾಗ ಇನ್ನೊಂದು ತಡೆ, ಆಮೇಲೆ ತಟ್ಟನೆ ಹಗುರ. ಆ ಹಗುರವೇ ಗುರುತು. ಅದೇ ಹೊತ್ತಿಗೆ ಕೊಳವೆಯಲ್ಲಿ ಕೆಂಪು ಮಿಂಚುತ್ತದೆ. ಅಲ್ಲಿ ನಿಲ್ಲಿಸಿ, ಸೂಜಿಯನ್ನು ಚರ್ಮಕ್ಕೆ ಹತ್ತಿರ ಮಲಗಿಸಿ, ಆಮೇಲೆ ಮುಂದೆ ಜಾರಿಸಬೇಕು. ಈ ಎರಡು ತಡೆಗಳ ವ್ಯತ್ಯಾಸ ಬೇರೆಯವರ ಕೈಗೆ ಚುಚ್ಚುವ ನನಗೆ ಬೆರಳ ತುದಿಯಲ್ಲಿ ಮಾತ್ರ ಗೊತ್ತಾಗುತ್ತದೆ. ನಿಮಗೆ ಬೆರಳಲ್ಲೂ ಗೊತ್ತಾಗುತ್ತದೆ, ಕೈಯೊಳಗೂ ಗೊತ್ತಾಗುತ್ತದೆ. ಆಪರೇಷನ್ ಗುರುತಿನಿಂದ ನಾಲ್ಕು ಸೆಂಟಿಮೀಟರ್ ದೂರ, ಎರಡು ಸೂಜಿಯ ತುದಿಗಳ ನಡುವೆ ಐದು ಸೆಂಟಿಮೀಟರ್, ವಾಪಸ್ ಕಳಿಸುವ ಸೂಜಿ ಯಾವಾಗಲೂ ಭುಜದ ಕಡೆ ಮುಖ. ಇವೆಲ್ಲ ಕಲಿಸುವವರು ಜೊತೆಯಲ್ಲಿ ನಿಂತು ತೋರಿಸುತ್ತಾರೆ. ಮೊದಲ ಪ್ರಯತ್ನಕ್ಕೆ ಬರದಿದ್ದರೆ ಅವರಿಗೆ ಬಿಟ್ಟುಕೊಡಿ, ಒಳಗೇ ಸೂಜಿ ಆಡಿಸಿ ಹುಡುಕಬೇಡಿ. ಕೆಲವರು ಕೆಲವೇ ವಾರಗಳಲ್ಲಿ ಕಲಿಯುತ್ತಾರೆ, ಕೆಲವರಿಗೆ ತಿಂಗಳುಗಳು ಬೇಕು, ಕೆಲವರು ನಡುವೆ ಬಿಟ್ಟುಬಿಡುತ್ತಾರೆ.

ಒಂದು ಅಪಾಯದ ಬಗ್ಗೆ ಮಾತ್ರ ಸ್ವಲ್ಪ ಗಟ್ಟಿಯಾಗಿ ಹೇಳುತ್ತೇನೆ. ಎಲ್ಲರೂ ಹೆದರೋದು ಚುಚ್ಚುವಾಗ. ನಾನು ಹೆದರೋದು ಚುಚ್ಚಿ ಆದ ಮೇಲೆ. ರಕ್ತ ವಾಪಸ್ ಕೊಡುವ ಸೂಜಿ ನಡುವೆ ಕಳಚಿದರೆ ಮೆಷಿನ್ ನಿಮಿಷಕ್ಕೆ 300 ಮಿ.ಲೀ. ರಕ್ತವನ್ನು ಹಾಸಿಗೆಗೆ ಸುರಿಯುತ್ತದೆ. ಮೈಯಲ್ಲಿ ಇರೋದೇ ಐದು ಲೀಟರ್ ಆಸುಪಾಸು. ಪ್ರೆಶರ್ ಅಲಾರಂ ಪ್ರತಿ ಸಲ ಹೊಡೆದುಕೊಳ್ಳುತ್ತದೆ ಅಂತ ನಂಬಬೇಡಿ. ಅದಕ್ಕೇ ಪ್ಲಾಸ್ಟರನ್ನು ಸೂಜಿಯ ಕೆಳಗಿನಿಂದ ತಂದು ಮೇಲೆ ಕತ್ತರಿಯಾಕಾರದಲ್ಲಿ ದಾಟಿಸಿ ಅಂಟಿಸೋದನ್ನು ಸೂಜಿ ಹಾಕುವಷ್ಟೇ ಶ್ರದ್ಧೆಯಿಂದ ಕಲಿಯಿರಿ. ಚಳಿ ಆದರೆ ಹೊದ್ದುಕೊಳ್ಳಿ, ಆದರೆ ಸೂಜಿ ಇರುವ ಕೈ ಕಂಬಳಿಯ ಹೊರಗೇ ಇರಲಿ. ಮನೆಗೆ ಹೋದ ಮೇಲೆ ಆ ಜಾಗದಿಂದ ರಕ್ತ ಬಂದರೆ ಟವೆಲ್ ಸುತ್ತುತ್ತಾ ಕೂರಬೇಡಿ. ಬೆರಳಿಂದ ತೂತಿನ ಮೇಲೇ ಗಟ್ಟಿಯಾಗಿ ಒತ್ತಿ, ಕೈ ಎತ್ತಿ ಹಿಡಿಯಿರಿ, ನಿಲ್ಲದಿದ್ದರೆ 108ಕ್ಕೆ ಫೋನ್ ಮಾಡಿಸಿ.

ಕೈ ನಡುಗುವವರು, ಬೆರಳಿಗೆ ಸ್ಪರ್ಶ ಕಡಿಮೆಯಾದವರು, ಫಿಸ್ಟುಲಾ ಇನ್ನೂ ಬೆಳೆಯದವರು, ಕೆಲಸದ ಕೈಯಲ್ಲೇ ಫಿಸ್ಟುಲಾ ಇರುವವರು ಇದಕ್ಕೆ ಕೈ ಹಾಕದಿರುವುದೇ ಮೇಲು. ಅವರ ಮನೆಯವರಲ್ಲಿ ಒಬ್ಬರಿಗೆ ಕಲಿಸುವ ರೂಢಿ ಹೊರದೇಶಗಳಲ್ಲಿದೆ.

ಇನ್ನು ನಿಮ್ಮ ಸೆಂಟರ್ ಒಪ್ಪುತ್ತದಾ? ಅದು ನೆಫ್ರಾಲಜಿಸ್ಟ್ ಮತ್ತು ಇನ್‌ಚಾರ್ಜ್ ಕೈಯಲ್ಲಿದೆ. ಬೇಡ ಅನ್ನಬಹುದು. ಒಬ್ಬರ ಪಕ್ಕದಲ್ಲಿ ನಿಂತು ಕಲಿಸುವಷ್ಟು ಜನ ಅವರಲ್ಲಿ ಇಲ್ಲದೇ ಇರಬಹುದು. ಜಗಳಕ್ಕೆ ಹೋಗಬೇಡಿ. ಇಲ್ಲೇ ನನಗೆ ಇಂಗ್ಲೆಂಡಿನ ಆ 14 ಕೆಲಸದ ಪದ್ಧತಿ ಇಷ್ಟವಾಗೋದು. ಸೂಜಿ ಬೇಡ ಅಂದರೂ ಉಳಿದದ್ದಕ್ಕೆ ಬಹಳ ಮಟ್ಟಿಗೆ ಯಾರೂ ಬೇಡ ಅನ್ನುವುದಿಲ್ಲ. ಒಂದು ನೋಟ್‌ಬುಕ್‌ನಲ್ಲಿ ನಿಮ್ಮ ಎಡಗೈ ಚಿತ್ರ ಬರೆದು, ಪ್ರತಿ ಸಲ ಎಲ್ಲಿ ಚುಚ್ಚಿದರು, ಎಷ್ಟು ನಂಬರ್ ಸೂಜಿ, ಏನಾಯಿತು ಅಂತ ಗುರುತು ಹಾಕಿ. ಹೊಸ ಟೆಕ್ನಿಷಿಯನ್ ಬಂದ ದಿನ ಅದನ್ನು ತೋರಿಸಿ 'ಇವತ್ತು ಇಲ್ಲಿ ಹಾಕಿ, ಇಲ್ಲಿ ನಾಳ ಎಡಕ್ಕೆ ಬಾಗಿದೆ' ಅನ್ನಿ. ಎರಡು ಸಲ ತಪ್ಪಿದರೆ ಸೀನಿಯರ್ ಅನ್ನು ಕರೆಯಿರಿ ಅಂತ ನಯವಾಗಿ ಕೇಳುವ ಹಕ್ಕು ನಿಮಗಿದೆ. ಕೈ ಊದಿದ್ದು ನಿಮ್ಮ ಫೈಲಿನಲ್ಲಿ ಬರೆದಿದೆಯಾ ನೋಡಿ, ಇಲ್ಲದಿದ್ದರೆ ಬರೆಸಿ. ಇದಿಷ್ಟು ಮಾಡಿದವರ ಕೈ ಊದೋದು ಕಡಿಮೆಯಾದದ್ದನ್ನು ನಾನು ಕಂಡಿದ್ದೇನೆ.

ಒಪ್ಪಿದರೆ, ಮೊದಲ ಸೂಜಿಯ ದಿನ ನಿಮ್ಮ ಮನೆಯವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಬಹುದಾ ಅಂತ ಕೇಳಿ. ದೂರದಿಂದ ಊಹಿಸಿಕೊಳ್ಳುವಾಗ ಇರುವಷ್ಟು ಭಯ ಹತ್ತಿರದಿಂದ ನೋಡಿದಾಗ ಇರೋದಿಲ್ಲ. ಮತ್ತೆ 44 ಅಂದಿರಿ, ಅಲ್ವಾ? ಚಾಳೀಸು ಬಂದಿರುತ್ತದೆ. ಹತ್ತಿರದ ಅಕ್ಷರ ಮಸುಕಾಗುತ್ತಿದ್ದರೆ ಇದಕ್ಕೆಲ್ಲ ಮೊದಲು ಹೋಗಿ ಕನ್ನಡಕ ಮಾಡಿಸಿಕೊಳ್ಳಿ.